ಹೊರೆಗಲ್ಲಿನಿಂದ ಚಾರ್ಜಿಂಗ್ ಕಟ್ಟೆಗೆ: ದೇವರಾಜ ಮೊಹಲ್ಲಾದ ಸರಕು ಸಾಗಣೆ - ಒಂದು ಚಾರಿತ್ರಿಕ ಅವಲೋಕನ

ಮೈಸೂರು ನಗರದ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಅರಮನೆ, ದಸರಾ, ದಿವಾನರ ಆಡಳಿತ, ಸಂಗೀತ ಮತ್ತು ವಾಸ್ತುಗಳಿಗೆ ಸಂದ ಸ್ಥಾನ ದೊಡ್ಡದು. ಆದರೆ ಇಷ್ಟು ದೊಡ್ಡ ಊರಿನ ಪೇಟೆಗೆ ದಿನವೂ ಹೂವು, ಹಣ್ಣು, ಎಲೆ, ತರಕಾರಿ, ದವಸಧಾನ್ಯಗಳು ಹೇಗೆ ಬಂದು ಸೇರಿದವು, ಯಾರು ತಂದರು, ಯಾವ ಗಾಡಿಯಲ್ಲಿ ತಂದರು, ತಂದವರು ಎಲ್ಲಿ ದಣಿವಾರಿಸಿಕೊಂಡರು ಎಂಬ ಪ್ರಶ್ನೆಗಳು ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಕಳೆದ ಕೆಲವು ವರ್ಷಗಳಿಂದ ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆ ಮತ್ತು ಧನ್ವಂತರಿ ರಸ್ತೆಗಳಲ್ಲಿ ಹಸಿರು ಫಲಕ ಹೊತ್ತ ವಿದ್ಯುತ್ ಚಾಲಿತ ಸರಕು ಗಾಡಿಗಳು ಕಾಣಿಸಿಕೊಳ್ಳುತ್ತಿರುವ ಈ ಹೊತ್ತಿನಲ್ಲಿ ಆ ಪ್ರಶ್ನೆಗಳನ್ನು ಮತ್ತೆ ಎತ್ತಿಕೊಳ್ಳುವುದು ಉಚಿತವಾಗಿದೆ. ವಿದ್ಯುತ್ ಗಾಡಿಯನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಹೊಸ ಅಧ್ಯಾಯವೆಂದು ವರ್ಣಿಸಲಾಗುತ್ತದೆ. ಜಾನಪದದ ದೃಷ್ಟಿಯಿಂದ ನೋಡಿದರೆ ಅದು ಒಂದು ಹಳೆಯ ವ್ಯವಸ್ಥೆಯ ಮರುಪ್ರವೇಶವೂ ಹೌದು. ಬಂಡಿಗೆ ಇದ್ದಂತೆಯೇ ಅದಕ್ಕೂ ದಿನದ ಓಟಕ್ಕೆ ಮಿತಿಯಿದೆ, ವಿಶ್ರಾಂತಿಯ ಅಗತ್ಯವಿದೆ. ಆ ವಿಶ್ರಾಂತಿಯ ತಾಣವನ್ನು ಒದಗಿಸುವವರು ಯಾರು ಎಂಬುದೇ ಸರಕು ಸಾಗಣೆಯ ಚರಿತ್ರೆಯ ಉದ್ದಕ್ಕೂ ನಿಂತ ಪ್ರಶ್ನೆ. ಪ್ರಸ್ತುತ ಲೇಖನದಲ್ಲಿ ಈ ಅಂಶವನ್ನು ವಿವೇಚಿಸಲಾಗಿದೆ.

1. ಹೊರೆ ಮತ್ತು ಹೊರೆಗಲ್ಲು

ಗಾಡಿಗಿಂತ ಹಿಂದಿನದು ತಲೆಹೊರೆ. ಹಳೆಯ ಮೈಸೂರು ಪ್ರಾಂತ್ಯದ ದಾರಿಗಳ ಬದಿಯಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವ ಹೊರೆಗಲ್ಲುಗಳು ಇದಕ್ಕೆ ಸಾಕ್ಷಿ. ನೆಟ್ಟಗೆ ನಿಲ್ಲಿಸಿದ ಎರಡು ಕಂಬಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಎತ್ತರ ಆಳಿನ ಹೆಗಲಿಗೆ ಸಮ. ದಾರಿಹೋಕನು ಇನ್ನೊಬ್ಬರ ನೆರವಿಲ್ಲದೆ ತನ್ನ ಹೊರೆಯನ್ನು ಅದರ ಮೇಲಕ್ಕೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೆ ಏರಿಸಿಕೊಂಡು ಹೊರಡಬಹುದಾಗಿತ್ತು. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಅರವಟ್ಟಿಗೆ ಇಡಿಸುವುದು, ಸಾಲುಮರ ನೆಡಿಸುವುದು ಹೇಗೆ ಪುಣ್ಯಕಾರ್ಯವೋ ಹೊರೆಗಲ್ಲು ನೆಡಿಸುವುದೂ ಹಾಗೆಯೇ ಪುಣ್ಯಕಾರ್ಯವೆನಿಸಿತ್ತು. ಹೊರುವವನ ದಣಿವನ್ನು ಹೊರದವರು ತಮ್ಮ ಹೊಣೆಯೆಂದು ಭಾವಿಸಿದ ಒಂದು ಸಾಮಾಜಿಕ ಒಪ್ಪಂದ ಆ ಕಲ್ಲಿನಲ್ಲಿದೆ.

ತಲೆಹೊರೆಯ ಜೊತೆಗೆ ದೂರದ ಸಾಗಣೆಗೆ ಹೇರೆತ್ತುಗಳಿದ್ದವು. ಲಂಬಾಣಿಗಳು ಹೇರೆತ್ತುಗಳ ದೊಡ್ಡ ತಂಡಗಳೊಂದಿಗೆ ಉಪ್ಪು, ಧಾನ್ಯಗಳನ್ನು ಸಾಗಿಸುತ್ತಿದ್ದುದು ಪ್ರಸಿದ್ಧ ಸಂಗತಿ. ಸೇನೆಯ ಸಾಗಣೆಗೂ ಎತ್ತುಗಳೇ ಆಧಾರ. ಚಿಕ್ಕದೇವರಾಜ ಒಡೆಯರ (1672-1704) ಕಾಲದ 'ಬೆಣ್ಣೆ ಚಾವಡಿ' ಎಂಬ ಗೋಸಂಪತ್ತಿನ ಇಲಾಖೆ ಮುಂದೆ ಹೈದರಾಲಿಯ ಕಾಲದಲ್ಲಿ ಸೇನಾ ಸಾಗಣೆಗೆ ಒದಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ 'ಅಮೃತಮಹಲ್' ಎಂಬ ಹೆಸರು ಪಡೆಯಿತು. ಈ ಇಲಾಖೆಗೆ ನಾಡಿನಾದ್ಯಂತ ಮೀಸಲು ಕಾವಲುಗಳಿದ್ದವು. ಸಾಗಣೆಯ ಪ್ರಾಣಿಗೆ ಮೇವು ಮತ್ತು ವಿಶ್ರಾಂತಿಯ ನೆಲವನ್ನು ರಾಜ್ಯವೇ ಮೀಸಲಿಟ್ಟ ನಿದರ್ಶನವಿದು.

2. ಬಂಡಿಯ ಕಾಲ

ಬಂಡಿ ವ್ಯಾಪಕವಾದುದು ರಸ್ತೆಯಿಂದ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಅವಧಿಯಲ್ಲಿ ನಡೆದ ರಸ್ತೆ ನಿರ್ಮಾಣ ಹೇರೆತ್ತಿನ ಹಾದಿಗಳನ್ನು ಬಂಡಿಯ ಹಾದಿಗಳನ್ನಾಗಿ ಪರಿವರ್ತಿಸಿತು. ಬೆನ್ನಿನ ಮೇಲೆ ಹೊರುವ ಎತ್ತಿಗಿಂತ ಎಳೆಯುವ ಎತ್ತು ಹಲವು ಪಟ್ಟು ಹೆಚ್ಚು ಭಾರವನ್ನು ಸಾಗಿಸಬಲ್ಲದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ದೇವರಾಜ ಮಾರುಕಟ್ಟೆ ರೂಪುಗೊಂಡಾಗ, ಅದಕ್ಕೆ ಸುತ್ತಣ ಹಳ್ಳಿಗಳಿಂದ ಸರಕು ತರುತ್ತಿದ್ದುದು ಬಂಡಿಯೇ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆಗಳೆಂಬ ಮೂರು ಸರಕುಗಳೂ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿವೆ. ಮೂರೂ ಬಾಡುವ, ಕೊಳೆಯುವ, ತಡವನ್ನು ಸಹಿಸದ ಸರಕುಗಳೆಂಬುದು ಗಮನಾರ್ಹ. ದೇವರಾಜ ಮಾರುಕಟ್ಟೆಯ ಖ್ಯಾತಿ ಸಾಗಣೆಯ ಸಮಯಪಾಲನೆಯನ್ನೇ ಅವಲಂಬಿಸಿತ್ತು.

ಬಂಡಿಯ ಸುತ್ತ ಒಂದು ಸಮೃದ್ಧ ಪದಸಂಪತ್ತು ಬೆಳೆದಿತ್ತು. ನೊಗ, ಮೂಕಿ, ಅಚ್ಚು, ಕಡೆಗೀಲು, ಕೀಲೆಣ್ಣೆ - ಇವು ಕೇವಲ ಭಾಗಗಳ ಹೆಸರುಗಳಲ್ಲ. ಬಡಗಿ, ಕಮ್ಮಾರ, ಗಾಣಿಗ, ಬೇಸಾಯಗಾರರ ಪರಸ್ಪರ ಅವಲಂಬನೆಯ ದಾಖಲೆಗಳು. ದೂರವನ್ನು ಅಳೆಯುವ ಮಾನವೂ ನಡಿಗೆಯದೇ ಆಗಿತ್ತು. ಮೂರು ಮೈಲಿಯ ಹರದಾರಿ, ಹನ್ನೆರಡು ಮೈಲಿಯ ಗಾವುದ ಎಂಬ ಲೆಕ್ಕಗಳು ಮನುಷ್ಯನ ಮತ್ತು ಎತ್ತಿನ ಕಸುವಿಗೆ ಹೊಂದಿಕೊಂಡವು. ಹೇರು ತುಂಬಿದ ಬಂಡಿಗೆ ಗಾವುದವೆಂದರೆ ಹೆಚ್ಚುಕಡಿಮೆ ಒಂದು ಹಗಲಿನ ದಾರಿ. ಅಷ್ಟು ಹೊತ್ತಿಗೆ ನೊಗ ಇಳಿಸಲೇಬೇಕು. ನೀರು, ಮೇವು, ನೆರಳು ಸಿಗಲೇಬೇಕು.

ಈ ವಿಶ್ರಾಂತಿಗೆ ಧಾರ್ಮಿಕ ಸಮ್ಮತಿಯೂ ಇತ್ತು. ಸೋಮವಾರ ಬಸವನ ವಾರವೆಂದು ಎತ್ತುಗಳಿಗೆ ನೊಗ ಹೂಡದಿರುವ ಪದ್ಧತಿ ಹಲವೆಡೆ ಇತ್ತು. ಸಂಕ್ರಾಂತಿಯಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವ ಆಚರಣೆ ಮೈಸೂರು ಸೀಮೆಯಲ್ಲಿ ಇಂದಿಗೂ ಜೀವಂತವಾಗಿದೆ. ಅಂದರೆ ದುಡಿಮೆಯ ಮಿತಿಯನ್ನು ಜನಪದರು ಲೆಕ್ಕಾಚಾರದಿಂದ ಮಾತ್ರವಲ್ಲ, ವ್ರತ ಮತ್ತು ಹಬ್ಬಗಳ ಮೂಲಕವೂ ನಿಗದಿಪಡಿಸಿದ್ದರು.

ಮೈಸೂರು-ನಂಜನಗೂಡು ರಸ್ತೆಯ ಬದಿಯಲ್ಲಿರುವ ಬಂಡಿಪಾಳ್ಯ ಎಂಬ ಸ್ಥಳನಾಮವನ್ನು ಇಲ್ಲಿ ಗಮನಿಸಬಹುದು. ಪದರಚನೆಯ ದೃಷ್ಟಿಯಿಂದ ಅದು ಬಂಡಿಗಳ ಬೀಡನ್ನು ಸೂಚಿಸುತ್ತದೆ. ಇಂದು ಅಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣವಿದೆ. ಬಂಡಿ ಮರೆಯಾದರೂ ಸರಕು ಇಳಿಯುವ ನೆಲೆಯೆಂಬ ಅರ್ಥ ಆ ಹೆಸರಿಗೆ ಈಗಲೂ ಒಪ್ಪುತ್ತದೆ.

3. ರೈಲು, ವಿದ್ಯುತ್ತು ಮತ್ತು ಲಾರಿ

1882ರಲ್ಲಿ ಬೆಂಗಳೂರಿನಿಂದ ರೈಲು ಮೈಸೂರನ್ನು ತಲುಪಿತು. ರೈಲು ಬಂದುದರಿಂದ ಬಂಡಿ ಅಳಿಯಲಿಲ್ಲ. ಅದರ ದಾರಿ ಮಾತ್ರ ಮೊಟಕಾಯಿತು. ದೂರದ ಸಾಗಣೆಯನ್ನು ರೈಲು ವಹಿಸಿಕೊಂಡರೆ, ನಿಲ್ದಾಣದಿಂದ ಅಂಗಡಿಯವರೆಗಿನ ಕೊನೆಯ ಹರದಾರಿಯನ್ನು ಬಂಡಿ, ಕೈಗಾಡಿ ಮತ್ತು ಹಮಾಲರ ಬೆನ್ನು ಉಳಿಸಿಕೊಂಡವು. ಸಾಗಣೆಯ ಚರಿತ್ರೆಯಲ್ಲಿ ಪದೇ ಪದೇ ಕಾಣುವ ನಿಯಮವಿದು: ದೊಡ್ಡ ಯಂತ್ರ ದೂರವನ್ನು ಗೆಲ್ಲುತ್ತದೆ, ಓಣಿಯನ್ನು ಗೆಲ್ಲುವುದು ಸಣ್ಣ ಗಾಡಿ.

ವಿದ್ಯುತ್ತಿನ ವಿಷಯದಲ್ಲಿ ಮೈಸೂರು ಸಂಸ್ಥಾನ ಮುಂಚೂಣಿಯಲ್ಲಿತ್ತು. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರು ನಗರಕ್ಕೂ ಹರಿಯಿತು. ಅದೇ ದಶಕದಲ್ಲಿ ನ್ಯೂಯಾರ್ಕಿನಂತಹ ನಗರಗಳಲ್ಲಿ ಬ್ಯಾಟರಿಯಿಂದ ಓಡುವ ಸರಕು ಗಾಡಿಗಳು ಅಂಗಡಿಗಳಿಂದ ಮನೆಗಳಿಗೆ ಸಾಮಾನು ತಲುಪಿಸುತ್ತಿದ್ದವು. ವಿದ್ಯುತ್ ಟ್ರಕ್ಕು ಹೊಸ ಶೋಧವಲ್ಲ. ಪೆಟ್ರೋಲ್ ಗಾಡಿಗೆ ಸಮಕಾಲೀನವಾದುದು. 1912ರಲ್ಲಿ ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಸ್ಟಾರ್ಟರ್ ಅಳವಡಿಕೆಯಾಗಿ ಕೈಯಿಂದ ತಿರುಗಿಸುವ ಕಷ್ಟ ತಪ್ಪಿದ್ದು, ತೈಲ ಅಗ್ಗವಾದದ್ದು, ಊರೂರುಗಳನ್ನು ಜೋಡಿಸುವ ರಸ್ತೆಗಳು ಬೆಳೆದದ್ದು - ಈ ಕಾರಣಗಳಿಂದ ಬ್ಯಾಟರಿ ಗಾಡಿ ಹಿಂದೆ ಸರಿಯಿತು. ಬ್ರಿಟನ್ನಿನಲ್ಲಿ ಮಾತ್ರ ನಸುಕಿನಲ್ಲಿ ಮನೆಮನೆಗೆ ಹಾಲು ಹಂಚುವ ಗಾಡಿಗಳಲ್ಲಿ ಅದು ದಶಕಗಳ ಕಾಲ ಉಳಿಯಿತು. ಮನೆಮನೆಗೂ ನಿಲ್ಲುವ, ನಿಧಾನವಾಗಿ ಸಾಗುವ, ದಿನಕ್ಕೆ ಇಷ್ಟೇ ಎಂದು ಗೊತ್ತಿರುವ ದಾರಿಗೆ ಅದು ಹೊಂದಿಕೊಂಡದ್ದೇ ಇದಕ್ಕೆ ಕಾರಣ. ದೀಪ ಮತ್ತು ಕಾರ್ಖಾನೆಗಳಿಗೆ ವಿದ್ಯುತ್ತನ್ನು ಪಡೆದ ಮೈಸೂರಿನ ಪೇಟೆಬೀದಿಯಲ್ಲಾದರೋ ಸರಕನ್ನು ಎಳೆಯುವ ಕೆಲಸ ಎತ್ತಿನ ಹೆಗಲಿನಿಂದ ನೇರವಾಗಿ ಡೀಸೆಲ್ಲಿಗೆ ವರ್ಗವಾಯಿತು.

1939ರ ಮೋಟಾರು ವಾಹನ ಕಾಯಿದೆ ಸರಕು ಲಾರಿಗಳನ್ನು ಪರವಾನಗಿಯ ಚೌಕಟ್ಟಿಗೆ ತಂದಿತು. 1948ರಲ್ಲಿ ಮೈಸೂರು ಸರ್ಕಾರ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿ ಪ್ರಯಾಣಿಕರ ಬಸ್ಸುಗಳನ್ನು ಓಡಿಸತೊಡಗಿತು. ಸರಕು ಸಾಗಣೆ ಮಾತ್ರ ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲೇ ಉಳಿಯಿತು. ಲಾರಿ ತಂದ ದೊಡ್ಡ ಬದಲಾವಣೆಯೆಂದರೆ ವಿಶ್ರಾಂತಿಯ ಕಲ್ಪನೆಯದು. ಎಂಜಿನ್ನು ದಣಿಯುವುದಿಲ್ಲ, ದಣಿಯುವವನು ಚಾಲಕ. ಆದರೆ ನಿಲುಗಡೆಯನ್ನು ಈಗ ನಿರ್ಧರಿಸಿದ್ದು ಪೆಟ್ರೋಲ್ ಬಂಕಿನ ಲೆಕ್ಕ. ಎತ್ತಿಗಿದ್ದ ಸೋಮವಾರ ಲಾರಿ ಚಾಲಕನಿಗೆ ಇಲ್ಲವಾಯಿತು.

ಈ ಹಂತದಲ್ಲಿಯೂ ಬಂಡಿಯ ಬಗ್ಗೆ ಯೋಚಿಸಿದವರಿದ್ದರು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿ ಅವರು 1970ರ ದಶಕದಲ್ಲಿ ಎತ್ತಿನಗಾಡಿಯ ಆಧುನಿಕೀಕರಣವನ್ನು ಗಂಭೀರ ಅಧ್ಯಯನದ ವಿಷಯವನ್ನಾಗಿಸಿದರು. ರಬ್ಬರ್ ಚಕ್ರ, ಬೇರಿಂಗ್, ಎತ್ತಿನ ಕುತ್ತಿಗೆಗೆ ನೋವಾಗದ ನೊಗ - ಇವೆಲ್ಲ ತಾಂತ್ರಿಕವಾಗಿ ಸಾಧ್ಯವಿದ್ದವು. ಆದರೂ ಸುಧಾರಿತ ಬಂಡಿ ನಿರೀಕ್ಷಿಸಿದಷ್ಟು ಹರಡಲಿಲ್ಲ. ಓಡಿಸುವ ಖರ್ಚು ಕಡಿಮೆಯಾದರೂ ಕೊಳ್ಳುವ ಬೆಲೆ ಬಂಡಿಕಾರನ ಕೈಗೆ ಎಟುಕದಿದ್ದುದು ಇದಕ್ಕೆ ಒಂದು ಮುಖ್ಯ ಕಾರಣ. ಈ ಅನುಭವ ವಿದ್ಯುತ್ ಗಾಡಿಯ ಚರ್ಚೆಗೂ ಅನ್ವಯಿಸುತ್ತದೆ.

4. ಸಣ್ಣ ಗಾಡಿಯ ಮರಳುವಿಕೆ

ನಗರ ಬೆಳೆದಂತೆ ಲಾರಿಗೆ ಪೇಟೆಯ ಒಳಗೆ ಜಾಗವಿಲ್ಲದಾಯಿತು. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಎಂಬ ಸಣ್ಣ ನಾಲ್ಕು ಚಕ್ರದ ಗಾಡಿ ಈ ಕೊರತೆಯನ್ನು ತುಂಬಿತು. ಉತ್ತರ ಭಾರತದ ಜನ ಅದನ್ನು 'ಛೋಟಾ ಹಾಥಿ' ಎಂದು ಕರೆದರು. ಕಂಪನಿ ಹೇಳಿದ ಅದರ ಹೊರೆ ಸುಮಾರು 750 ಕಿಲೋಗ್ರಾಂ. ಮೈಸೂರಿನವರಿಗೆ ಈ ಸಂಖ್ಯೆ ಪರಿಚಿತವಾದದ್ದೇ. ಜಂಬೂಸವಾರಿಯಲ್ಲಿ ಆನೆ ಹೊರುವ ಚಿನ್ನದ ಅಂಬಾರಿಯ ತೂಕವೂ 750 ಕಿಲೋಗ್ರಾಂ ಎಂದೇ ಹೇಳಲಾಗುತ್ತದೆ. ಸಯ್ಯಾಜಿರಾವ್ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಆನೆ ಹೊತ್ತು ಸಾಗುವಷ್ಟು ಭಾರವನ್ನು ಉಳಿದ ದಿನಗಳಲ್ಲಿ ಈ ಪುಟ್ಟ ಗಾಡಿಗಳು ಹೊತ್ತು ಸಾಗತೊಡಗಿದವು.

ಈ ಗಾಡಿಯ ಸಾಮಾಜಿಕ ಮಹತ್ವ ಅದರ ಒಡೆತನದಲ್ಲಿದೆ. ಬಂಡಿಯಂತೆ ಇದೂ ಬಹುಮಟ್ಟಿಗೆ ಚಾಲಕನೇ ಒಡೆಯನಾಗಿರುವ ಗಾಡಿ. ಸಾಲ ಮಾಡಿ ಕೊಂಡ ಗಾಡಿಯ ಮೇಲೆ ಮನೆದೇವರ ಹೆಸರು, ತಂದೆತಾಯಿಯರ ಆಶೀರ್ವಾದ, ಮಕ್ಕಳ ಹೆಸರು, ದೃಷ್ಟಿ ತಾಗದಿರಲೆಂಬ ನಿಂಬೆಹಣ್ಣು-ಮೆಣಸಿನಕಾಯಿಗಳು ಸ್ಥಾನ ಪಡೆದವು. ವಾಹನ ಬರಹವೆಂಬ ಈ ನಗರ ಜಾನಪದ ಪ್ರಕಾರವು ಒಡೆತನದ ಘೋಷಣೆಯಾಗಿತ್ತು.

5. ವಿದ್ಯುತ್ ಗಾಡಿಯ ಪ್ರವೇಶ

ಕರ್ನಾಟಕಕ್ಕೆ ವಿದ್ಯುತ್ ವಾಹನದ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವಿದೆ. ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರು 2001ರಲ್ಲಿ ರಸ್ತೆಗಿಳಿಯಿತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿಯನ್ನು ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. 2018ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಸಾರಿಗೆ ವಾಹನಗಳಿಗೆ ಪರವಾನಗಿಯ ಅಗತ್ಯದಿಂದ ವಿನಾಯಿತಿ ನೀಡಿತು. ಬಾಡಿಗೆಯ ವಿದ್ಯುತ್ ವಾಹನಗಳಿಗೆ ಹಸಿರು ಫಲಕದ ಮೇಲೆ ಹಳದಿ ಅಕ್ಷರಗಳನ್ನು ಗೊತ್ತುಪಡಿಸಿತು. 2020ರಲ್ಲಿ ಮಹೀಂದ್ರಾ ಸಂಸ್ಥೆಯ ಟ್ರಿಯೋ ಜೋರ್ ಎಂಬ ಮೂರು ಚಕ್ರದ ಸರಕು ಗಾಡಿಯೂ 2022ರ ಮೇ ತಿಂಗಳಲ್ಲಿ ಟಾಟಾ ಏಸ್‌ನ ವಿದ್ಯುತ್ ರೂಪವೂ ಬಂದವು.

ವಿದ್ಯುತ್ತು ದೊಡ್ಡ ಲಾರಿಗಿಂತ ಮೊದಲು ಸಣ್ಣ ಗಾಡಿಯನ್ನು ಪ್ರವೇಶಿಸಲು ಕಾರಣ ಸ್ಪಷ್ಟವಾಗಿದೆ. ಮೊದಲು ಬಂದ ಏಸ್ ವಿದ್ಯುತ್ ಗಾಡಿಯ ಬ್ಯಾಟರಿ 21.3 ಯೂನಿಟ್ಟಿನದು, ಪರೀಕ್ಷಾ ಪ್ರಮಾಣದಂತೆ ಅದರ ಓಟ 154 ಕಿ.ಮೀ., ಹೊರೆ 600 ಕಿಲೋಗ್ರಾಂ. ಅಂದರೆ ಒಂದು ಯೂನಿಟ್ಟಿಗೆ ಸುಮಾರು ಏಳು ಕಿ.ಮೀ. ನಿತ್ಯದ ರಸ್ತೆಯಲ್ಲಿ ಇದು ಕಡಿಮೆಯಾಗುವುದು ಸಹಜ. ಹೇರು ತುಂಬಿದ ಭಾರಿ ಲಾರಿಯಾದರೋ ಪ್ರತಿ ಕಿಲೋಮೀಟರಿಗೆ ಒಂದು ಯೂನಿಟ್ಟು ಇಲ್ಲವೆ ಅದಕ್ಕೂ ಹೆಚ್ಚನ್ನು ಬೇಡುತ್ತದೆ. ಮುನ್ನೂರು ಕಿ.ಮೀ. ಓಡಬೇಕಾದರೆ ಮುನ್ನೂರು ಯೂನಿಟ್ಟಿನ ಬ್ಯಾಟರಿ ಬೇಕು. ಅದರ ತೂಕವೇ ಟನ್ನುಗಟ್ಟಲೆ. ತನ್ನ ಮೇವನ್ನು ತಾನೇ ಹೊತ್ತು ನಡೆಯುವ ಹೇರೆತ್ತಿನ ಸಮಸ್ಯೆಯೇ ಇದು: ದಾರಿ ಉದ್ದವಾದಷ್ಟೂ ಮೇವಿನ ಹೊರೆ ಹೆಚ್ಚುತ್ತದೆ, ಸರಕಿಗೆ ಜಾಗ ಕಡಿಮೆಯಾಗುತ್ತದೆ.

ಬಂಡಿಪಾಳ್ಯದಿಂದ ದೇವರಾಜ ಮಾರುಕಟ್ಟೆಗೆ ಇರುವ ದೂರ ಒಂದು ಹರದಾರಿಗಿಂತ ತುಸು ಹೆಚ್ಚು. ಹೋಗಿಬರಲು ಹನ್ನೆರಡು ಕಿ.ಮೀ. ಎಂದು ಹಿಡಿದರೆ ದಿನಕ್ಕೆ ಆರು ಸುತ್ತು ಹಾಕಿದರೂ ಎಪ್ಪತ್ತೆರಡು ಕಿ.ಮೀ. ಮಾತ್ರ. ಇದು ಸಣ್ಣ ವಿದ್ಯುತ್ ಗಾಡಿಯ ಒಂದು ದಿನದ ಕಸುವಿನೊಳಗೇ ಇದೆ. ಮೇಲಾಗಿ ಪೇಟೆಯ ರಸ್ತೆಯಲ್ಲಿ ಹೆಜ್ಜೆಹೆಜ್ಜೆಗೂ ನಿಲ್ಲಬೇಕು. ಡೀಸೆಲ್ ಗಾಡಿ ನಿಂತಲ್ಲಿಯೂ ತೈಲ ಉರಿಸುತ್ತದೆ. ವಿದ್ಯುತ್ ಗಾಡಿ ನಿಂತಾಗ ಮೋಟಾರಿಗೆ ವಿದ್ಯುತ್ತು ಬೇಡ, ಬ್ರೇಕ್ ಒತ್ತಿದಾಗ ವೇಗದ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಹಗಲು ದುಡಿದು ಇರುಳು ಮೇಯುವ ಎತ್ತಿನ ದಿನಚರಿಯೇ ಈ ಗಾಡಿಯದೂ ಆಗಿದೆ. ಇದರ ಮೌನವೂ ಬಂಡಿಯ ಕಾಲವನ್ನು ನೆನಪಿಸುತ್ತದೆ. ಎತ್ತಿನ ಕೊರಳ ಗೆಜ್ಜೆ ಅಲಂಕಾರವಷ್ಟೇ ಆಗಿರಲಿಲ್ಲ, ಎದುರು ಬರುವವರಿಗೆ ಎಚ್ಚರಿಕೆಯೂ ಆಗಿತ್ತು. ಸದ್ದಿಲ್ಲದ ವಿದ್ಯುತ್ ವಾಹನಗಳಿಗೆ ಪಾದಚಾರಿಗಳನ್ನು ಎಚ್ಚರಿಸುವ ಧ್ವನಿಯನ್ನು ಅಳವಡಿಸುವ ಕರಡು ನಿಯಮ 2025ರಲ್ಲಿ ಪ್ರಕಟವಾದದ್ದು, ಗೆಜ್ಜೆಯ ಅಗತ್ಯ ಮತ್ತೆ ಮನವರಿಕೆಯಾದುದರ ಸೂಚನೆ.

6. ಒಡೆತನ ಮತ್ತು ಆಚರಣೆ

ಇಷ್ಟು ಸಾಮ್ಯಗಳಿದ್ದರೂ ಒಂದು ಮುಖ್ಯ ಭೇದವಿದೆ. ಏಸ್ ವಿದ್ಯುತ್ ಗಾಡಿ ಬಿಡುಗಡೆಯಾದಾಗ 39,000 ಗಾಡಿಗಳಿಗೆ ಒಪ್ಪಂದ ಮಾಡಿಕೊಂಡವರು ಅಮೆಜಾನ್, ಫ್ಲಿಪ್‌ಕಾರ್ಟ್, ಬಿಗ್‌ಬ್ಯಾಸ್ಕೆಟ್ ಮೊದಲಾದ ಸಂಸ್ಥೆಗಳು ಮತ್ತು ಗಾಡಿಗಳನ್ನು ಗುಂಪಾಗಿ ನಡೆಸುವ ಸಾಗಣೆ ಕಂಪನಿಗಳು. ಒಂಟಿ ಚಾಲಕ ಆ ಪಟ್ಟಿಯಲ್ಲಿರಲಿಲ್ಲ. ಕೊಳ್ಳುವ ಬೆಲೆ ಹೆಚ್ಚು, ಓಡಿಸುವ ಖರ್ಚು ಕಡಿಮೆ ಎಂಬ ಲೆಕ್ಕ ಬಂಡವಾಳವುಳ್ಳವರಿಗೆ ಅನುಕೂಲಕರ. ಸುಧಾರಿತ ಬಂಡಿಗೆ ಅಡ್ಡಿಯಾದ ಕಾರಣವೇ ಇಲ್ಲಿಯೂ ಕೆಲಸ ಮಾಡುತ್ತಿದೆ.

ಸರ್ಕಾರದ ನೆರವಿನ ಹಂಚಿಕೆಯೂ ಗಮನಾರ್ಹ. 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ 10,900 ಕೋಟಿ ರೂಪಾಯಿಗಳ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ವಿದ್ಯುತ್ ಟ್ರಕ್ಕುಗಳಿಗೆ 500 ಕೋಟಿ ಮೀಸಲಿಡಲಾಯಿತು. 2025ರ ಜುಲೈ ತಿಂಗಳ ಮಾರ್ಗಸೂಚಿಯಂತೆ ಗಾಡಿಯೊಂದಕ್ಕೆ ಗರಿಷ್ಠ 9.6 ಲಕ್ಷ ರೂಪಾಯಿ ನೆರವು. ಆದರೆ ಅದು 3.5 ಟನ್ನಿಗಿಂತ ಹೆಚ್ಚಿನ ಒಟ್ಟು ತೂಕದ ಗಾಡಿಗಳಿಗೆ ಮಾತ್ರ. ಮೂರು ಚಕ್ರದ ಗಾಡಿಗಳಿಗೆ ಅದೇ ಯೋಜನೆಯಲ್ಲಿ ಬೇರೆ ಭಾಗವಿತ್ತು. ಪೇಟೆಯ ಕೊನೆಯ ಹರದಾರಿಯನ್ನು ಹೊತ್ತಿರುವ ನಾಲ್ಕು ಚಕ್ರದ ಸಣ್ಣ ಗಾಡಿ ಇವೆರಡರ ನಡುವೆ ಬಿದ್ದಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇಲ್ಲಿ ನೆನಪಾಗುತ್ತದೆ.

ಒಡೆತನದ ಪಲ್ಲಟ ಆಚರಣೆಯಲ್ಲಿಯೂ ಪ್ರತಿಫಲಿಸುತ್ತದೆ. ಆಯುಧಪೂಜೆಯಂದು ವಿದ್ಯುತ್ ಗಾಡಿಗೂ ಬಾಳೆಕಂದು ಕಟ್ಟಲಾಗುತ್ತದೆ, ಚಕ್ರದಡಿ ನಿಂಬೆಹಣ್ಣು ಇಡಲಾಗುತ್ತದೆ, ಬೂದುಗುಂಬಳ ಒಡೆಯಲಾಗುತ್ತದೆ. ಶಕ್ತಿಯ ಮೂಲ ಬದಲಾದುದನ್ನು ಜನಪದರು ಆಚರಣೆಗೆ ಅಡ್ಡಿಯೆಂದು ಬಗೆದಿಲ್ಲ. ಆದರೆ ಕಂಪನಿಯ ಗುತ್ತಿಗೆಯಲ್ಲಿ ಓಡುವ ಗಾಡಿಯ ಮೈಮೇಲೆ ಇರುವುದು ಕಂಪನಿಯ ಹೆಸರು ಮತ್ತು ಬಣ್ಣ. ಮನೆದೇವರ ಹೆಸರಿಗೆ ಅಲ್ಲಿ ಸ್ಥಳವಿಲ್ಲ. ಪೂಜೆ ಉಳಿದು ಬರಹ ಅಳಿಯುತ್ತಿರುವುದು, ದುಡಿಮೆ ಉಳಿದು ಒಡೆತನ ಜಾರುತ್ತಿರುವುದರ ಕುರುಹೆನ್ನಬಹುದು.

7. ಉಪಸಂಹಾರ: ಕಟ್ಟೆಯನ್ನು ಕಟ್ಟುವವರು ಯಾರು?

ವಿದ್ಯುತ್ ಗಾಡಿಯ ಚಾಲಕನಿಗೆ ಇರುಳು ಗಾಡಿ ಕಟ್ಟಲು ಕೊಟ್ಟಿಗೆ ಬೇಕು. ಸ್ವಂತ ಅಂಗಳ ಮತ್ತು ಸ್ವಂತ ಮೀಟರ್ ಇದ್ದವನಿಗೆ ಇದು ಸುಲಭ. ಓಣಿಯ ಬಾಡಿಗೆ ಮನೆಯಲ್ಲಿರುವವನಿಗೆ ಗಾಡಿ ನಿಲ್ಲಿಸಲು ಜಾಗವೂ ಇಲ್ಲ, ತಂತಿ ಎಳೆಯುವ ಹಕ್ಕೂ ಇಲ್ಲ. ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಮಾರಾಟದ ಪರವಾನಗಿ ಬೇಕಿಲ್ಲವೆಂದು 2018ರ ಏಪ್ರಿಲಿನಲ್ಲಿಯೇ ಕೇಂದ್ರ ಇಂಧನ ಸಚಿವಾಲಯ ಸ್ಪಷ್ಟಪಡಿಸಿದೆ. ಅದೇ ವರ್ಷದ ಡಿಸೆಂಬರಿನ ಮಾರ್ಗಸೂಚಿಯು ನಗರಗಳಲ್ಲಿ ಮೂರು ಕಿ.ಮೀ. ಚೌಕಕ್ಕೆ ಒಂದು, ಹೆದ್ದಾರಿಗಳಲ್ಲಿ ಇಪ್ಪತ್ತೈದು ಕಿ.ಮೀ.ಗೆ ಒಂದು, ಭಾರಿ ವಾಹನಗಳಿಗೆ ನೂರು ಕಿ.ಮೀ.ಗೆ ಒಂದು ಕೇಂದ್ರವಿರಬೇಕೆಂದು ಸೂಚಿಸಿತು. ಹರದಾರಿ ಮತ್ತು ಗಾವುದಗಳ ಲೆಕ್ಕ ಹೊಸ ಅಂಕಿಗಳಲ್ಲಿ ಮರಳಿದೆ. ಆದರೆ ಕೋಟೆ, ದೇವರಾಜ, ಲಷ್ಕರ್ ಮೊಹಲ್ಲಾಗಳು ಇಂತಹ ಒಂದೇ ಚೌಕದೊಳಗೆ ಅಡಗಬಲ್ಲವು. ನಕ್ಷೆಯ ಚೌಕಕ್ಕೆ ಒಂದು ಕೇಂದ್ರ ಸಾಕೆನಿಸಬಹುದು. ಹಳೆಯ ಪೇಟೆಯ ಸರಕಿನ ಸಾಂದ್ರತೆಗೆ ಅದು ಸಾಲದು.

2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಂದಿನಿಂದ ಕಟ್ಟಡವನ್ನು ಸಂರಕ್ಷಿಸಬೇಕೆ, ಹೊಸದಾಗಿ ಕಟ್ಟಬೇಕೆ ಎಂಬ ವಾದ ನಗರದಲ್ಲಿ ನಡೆದು ನ್ಯಾಯಾಲಯವನ್ನೂ ತಲುಪಿತು. ಆ ವಾದದಲ್ಲಿ ಮಳಿಗೆಗಳ ಸಂಖ್ಯೆ, ಕಮಾನುಗಳ ಸೊಬಗು, ಪಾರಂಪರಿಕ ಮೌಲ್ಯಗಳು ಪ್ರಸ್ತಾಪಗೊಂಡಷ್ಟು ಸರಕು ತರುವವನ ನಿಲುಗಡೆ ಪ್ರಸ್ತಾಪಗೊಂಡಿಲ್ಲ. ಮಾರುಕಟ್ಟೆ ಯಾವ ರೂಪದಲ್ಲಿ ಉಳಿದರೂ ಅದರ ಅಂಚಿನಲ್ಲಿ ಒಂಟಿ ಚಾಲಕನ ಗಾಡಿಗೆ ಕಡಿಮೆ ದರದಲ್ಲಿ ವಿದ್ಯುತ್ತು, ಅವನಿಗೆ ನೀರು ಮತ್ತು ನೆರಳು ಸಿಗುವ ಒಂದು ಸಾರ್ವಜನಿಕ ಕಟ್ಟೆ ಇರಬೇಕಾದುದು ಪರಂಪರೆಗೆ ಹೊರತಾದ ಬೇಡಿಕೆಯಲ್ಲ, ಪರಂಪರೆಯ ಮುಂದುವರಿಕೆ.

ಜಾನಪದ ಅಧ್ಯಯನಕ್ಕೂ ಇಲ್ಲಿ ಕೆಲಸವಿದೆ. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರ ಶ್ರಮದಿಂದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ಆರಂಭವಾದ ಜಾನಪದ ವಸ್ತುಸಂಗ್ರಹಾಲಯ ಗ್ರಾಮೀಣ ಬದುಕಿನ ಪರಿಕರಗಳನ್ನು ಉಳಿಸಿಕೊಟ್ಟಿತು. ಪೇಟೆಯ ಹಮಾಲರು, ಬಂಡಿಕಾರರು, ಸಣ್ಣ ಗಾಡಿಗಳ ಚಾಲಕರು ಬಳಸುವ ಮಾತು, ಲೆಕ್ಕ, ಸಂಜ್ಞೆ, ಬರಹಗಳ ಸಂಗ್ರಹವೂ ಅಷ್ಟೇ ಶ್ರದ್ಧೆಯಿಂದ ನಡೆಯಬೇಕಾಗಿದೆ. ಬಂಡಿಯಿಂದ ಡೀಸೆಲ್ಲಿಗೆ ದಾಟಿದಾಗ ಕಳೆದುಹೋದ ಪದಗಳೆಷ್ಟೆಂಬುದನ್ನು ಈಗ ಎಣಿಸಿ ಹೇಳುವುದು ಕಷ್ಟ. ಡೀಸೆಲ್ಲಿನಿಂದ ವಿದ್ಯುತ್ತಿಗೆ ದಾಟುವುದು ಕಣ್ಣೆದುರೇ ನಡೆಯುತ್ತಿರುವುದರಿಂದ ಈ ಸಲ ಅಂತಹ ನಷ್ಟವನ್ನು ತಪ್ಪಿಸಬಹುದಾಗಿದೆ.

ಹೊರೆಗಲ್ಲನ್ನು ನೆಡಿಸಿದವರು ತಾವು ಹೊರೆ ಹೊತ್ತವರಲ್ಲ. ಹೊರುವವನಿಗೆ ನಡುದಾರಿಯಲ್ಲಿ ಒಂದು ಆಸರೆ ಬೇಕೆಂಬುದನ್ನು ಅವರು ಅರಿತಿದ್ದರು, ಅಷ್ಟೆ. ದೇವರಾಜ ಮೊಹಲ್ಲಾದ ವಿದ್ಯುತ್ ಗಾಡಿ ಯಾರ ಕೈಯಲ್ಲಿ ಉಳಿಯುವುದೆಂಬುದನ್ನು ಬ್ಯಾಟರಿಯ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಈ ಅರಿವೇ ನಿರ್ಧರಿಸಲಿದೆ.